ಪರದೇಶದ ಪದವಿಗೆ ಮುನ್ನ ಮನೆಯ ಕಾಗದಪತ್ರ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಮಂಗಳೂರಿನಲ್ಲಿಯೋ ಕಣ್ಣೂರಿನಲ್ಲಿಯೋ ಪದವಿ ಪಡೆದ ವಿದ್ಯಾರ್ಥಿಯು ಸ್ನಾತಕೋತ್ತರ ವ್ಯಾಸಂಗಕ್ಕೆಂದು ಜರ್ಮನಿಗೆ, ಬ್ರಿಟನ್ನಿಗೆ ಅಥವಾ ಅಮೆರಿಕಕ್ಕೆ ಹೊರಡುವುದು ಈಗ ಅಪರೂಪದ ಸಂಗತಿಯಲ್ಲ. ಮನೆಯವರು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಅಂಜುತ್ತಾರೆ: ಒಂದು ಇಂಗ್ಲಿಷು, ಇನ್ನೊಂದು ಹಣ. ಎರಡೂ ಅಂಜತಕ್ಕವೇ. ಆದರೆ ಗಡಿನಾಡಿನ ವಿದ್ಯಾರ್ಥಿಯನ್ನು ಎಷ್ಟೋ ಸಲ ಎಲ್ಲಕ್ಕಿಂತ ಮೊದಲು ತಡೆದು ನಿಲ್ಲಿಸುವುದು ಅವನ ಹೆಸರು.

ಕನ್ನಡಿಗರ ಹೆಸರು ಗಡಿಯ ಒಂದೊಂದು ಕಡೆಯಲ್ಲಿ ಒಂದೊಂದು ರೂಪ ತಾಳಿದೆ. ಕೇರಳದಲ್ಲಿ ಮನೆಯ ಅಥವಾ ತಂದೆಯ ಹೆಸರು ಒಂದೆರಡು ಅಕ್ಷರಗಳಾಗಿ ಕುಗ್ಗಿ ಸ್ವಂತ ಹೆಸರಿನ ಹಿಂದೆಯೋ ಮುಂದೆಯೋ ಅಂಟಿಕೊಳ್ಳುತ್ತದೆ. ತಾಳವಾಡಿ, ಹೊಸೂರುಗಳಲ್ಲಿ ತಂದೆಯ ಹೆಸರಿನ ಮೊದಲಕ್ಷರವೇ ಸಾಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಭಾಗ; ಅಂಕಪಟ್ಟಿಯಲ್ಲಿ ಅಡ್ಡಹೆಸರೇ ಮೊದಲು ಬರುವುದುಂಟು. ಆದವಾನಿ, ರಾಯದುರ್ಗಗಳಲ್ಲಿ ಮನೆತನದ ಹೆಸರು ಮುಂದೆ ನಿಲ್ಲುತ್ತದೆ. ಇದರ ಮೇಲೆ ರೋಮನ್ ಲಿಪಿಯ ತೊಡಕು ಬೇರೆ. ‘ಜ್ಯೋತಿ’ ಎಂಬ ಹೆಸರಿನ ಕೊನೆಯ ಅಕ್ಷರಕ್ಕೆ ಕಾಸರಗೋಡಿನ ಗುಮಾಸ್ತನು ಟಿ ಜೊತೆಗೆ ಎಚ್ ಸೇರಿಸುತ್ತಾನೆ. ಸೊಲ್ಲಾಪುರದವನು ಬರಿಯ ಟಿ ಬರೆಯುತ್ತಾನೆ. ಊರಿನಲ್ಲಿ ಇದರಿಂದ ಯಾರ ಕೆಲಸವೂ ಕೆಡುವುದಿಲ್ಲ. ಆದರೆ ಜನನ ಪತ್ರದಲ್ಲಿ ಒಂದು, ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು ಇದ್ದು, ನೆರೆರಾಜ್ಯದ ವಿಶ್ವವಿದ್ಯಾಲಯ ನಾಲ್ಕನೆಯದನ್ನು ಮುದ್ರಿಸಿದರೆ, ಸಾವಿರಾರು ಮೈಲಿ ದೂರದ ಅಧಿಕಾರಿಯ ಕಣ್ಣಿಗೆ ಅವರು ನಾಲ್ವರು ಬೇರೆ ಬೇರೆ ವ್ಯಕ್ತಿಗಳು.

ಪಾಸ್‌ಪೋರ್ಟಿನಲ್ಲಿ ಹೆಸರಿಗೆ ಎರಡೇ ಅಂಕಣ: ಸ್ವಂತ ಹೆಸರು ಮತ್ತು ಕುಲನಾಮ. ಮೊದಲಕ್ಷರಗಳಿಗೆ ಅಲ್ಲಿ ಎಡೆಯಿಲ್ಲ. ಅವುಗಳನ್ನು ಬಿಡಿಸಿ ಬರೆಯಬೇಕು. ‘ಕೆ’ ಎಂದರೆ ಮನೆಯ ಹೆಸರೋ ಊರಿನ ಹೆಸರೋ ಎಂದು ಮನೆಯಲ್ಲಿಯೇ ಒಮ್ಮತವಿಲ್ಲದಿದ್ದರೆ ಅಂದು ತೋಚಿದ್ದನ್ನು ತುಂಬುತ್ತಾರೆ. ಕುಲನಾಮದ ಅಂಕಣವನ್ನು ಖಾಲಿ ಬಿಟ್ಟವರ ಪಾಡು ಇನ್ನೂ ವಿಚಿತ್ರ. ಅಮೆರಿಕದ ವೀಸಾದಲ್ಲಿ ಅವರ ಒಂದೇ ಹೆಸರು ಕುಲನಾಮದ ಸ್ಥಾನಕ್ಕೆ ಹೋಗಿ, ಸ್ವಂತ ಹೆಸರಿನ ಸ್ಥಾನದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ತಿಳಿಯದು’ ಎಂದು ಅಚ್ಚಾಗುತ್ತದೆ. ಮುಂದೆ ಬ್ಯಾಂಕಿನ ಖಾತೆಯಲ್ಲಿಯೂ ಬಾಡಿಗೆ ಕರಾರಿನಲ್ಲಿಯೂ ಆ ಮೂರಕ್ಷರವೇ ವಿದ್ಯಾರ್ಥಿನಿಯ ಹೆಸರಾಗಿ ಕೂತುಬಿಡಬಹುದು.

ಸಣ್ಣ ವ್ಯತ್ಯಾಸವಾದರೆ ನೋಟರಿಯ ಮುಂದೆ ಮಾಡಿದ ಪ್ರಮಾಣಪತ್ರ ಕೆಲವೆಡೆ ಸಾಕಾಗುತ್ತದೆ. ಎರಡೂ ಹೆಸರಿನ ವ್ಯಕ್ತಿ ಒಬ್ಬನೇ ಎಂಬ ದೃಢೀಕರಣವನ್ನು ಕೇರಳದಲ್ಲಿ ಕಂದಾಯ ಇಲಾಖೆ ಕೊಡುತ್ತದೆ. ಆದರೆ ಇದು ತೇಪೆಯೇ ಹೊರತು ಬಟ್ಟೆಯಲ್ಲ. ವ್ಯತ್ಯಾಸ ದೊಡ್ಡದಿದ್ದರೆ ರಾಜ್ಯದ ಗೆಜೆಟ್‌ನಲ್ಲಿ ಪ್ರಕಟಿಸಿ, ಮೂಲ ದಾಖಲೆಯನ್ನೇ ತಿದ್ದಿಸಬೇಕು. ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಎಲ್ಲ ದಾಖಲೆಗಳ ಬೇರು ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿರುವುದರಿಂದ, ಎಂಟನೆಯ ಒಂಬತ್ತನೆಯ ತರಗತಿಯಲ್ಲಿ ಮಕ್ಕಳಿರುವ ಪಾಲಕರು ಪರೀಕ್ಷೆಗೆ ಹೆಸರು ಕಳುಹಿಸುವ ಮುನ್ನ ಶಾಲೆಗೆ ಹೋಗಿ ಪಟ್ಟಿಯನ್ನು ಓದಿ ನೋಡುವುದು ಲೇಸು. ಆಗ ಅದು ಅರ್ಧ ಗಂಟೆಯ ಕೆಲಸ. ಇನ್ನೂ ಚಿಕ್ಕ ಮಕ್ಕಳ ಮನೆಗಳಲ್ಲಿ ಜನನ ಪತ್ರದ ಕಡೆಗೇ ಗಮನ ಬೇಕು: 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲೆಯ ದಾಖಲೆಗೂ ಮಾನ್ಯತೆಯಿದೆ.

ಹೆಸರು ಸರಿಹೋದ ಮೇಲೆ ದೃಢೀಕರಣದ ಸರದಿ. ಒಂದು ದೇಶದ ಪ್ರಮಾಣಪತ್ರವನ್ನು ಇನ್ನೊಂದು ದೇಶ ನಂಬುವಂತೆ ಮಾಡುವ ಮುದ್ರೆಗೆ ಅಪೋಸ್ಟೀಲ್ ಎಂದು ಹೆಸರು. 1961ರ ಹೇಗ್ ಒಪ್ಪಂದದಿಂದ ಬಂದ ಈ ಪದ್ಧತಿ ಭಾರತದ ಮಟ್ಟಿಗೆ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಮುದ್ರೆ ಒತ್ತುವುದು ವಿದೇಶಾಂಗ ಸಚಿವಾಲಯ. ಅದಕ್ಕೆ ಮೊದಲು ಪತ್ರವನ್ನು ಕೊಟ್ಟ ರಾಜ್ಯವು ತನ್ನ ಸಹಿ ನಿಜವೆಂದು ಹೇಳಬೇಕು. ಗಡಿನಾಡಿನವರ ಕಷ್ಟ ಇಲ್ಲಿಯೇ. ಎಸ್ಸೆಸ್ಸೆಲ್ಸಿ ಕೇರಳದ್ದು, ಪದವಿ ಕರ್ನಾಟಕದ್ದು. ಮೊದಲಿನದಕ್ಕೆ ನೋರ್ಕಾ ರೂಟ್ಸ್ ಕಚೇರಿಯ ದಾರಿ. ಎರಡನೆಯದಕ್ಕೆ ಬೆಂಗಳೂರಿನ ದಾರಿ. ಕರ್ನಾಟಕದ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಅರ್ಹತೆಯ ಮೇಲೆ ಸೀಟು ಪಡೆದವರೆಲ್ಲ ಈ ಎರಡು ರಾಜ್ಯದ ಓಡಾಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಆದರೂ ಅಪೋಸ್ಟೀಲ್ ಎಲ್ಲರಿಗೂ ಬೇಕೆಂಬುದು ತಪ್ಪು ತಿಳಿವಳಿಕೆ. ಅಮೆರಿಕ, ಬ್ರಿಟನ್‌ಗಳ ವಿದ್ಯಾರ್ಥಿ ವೀಸಾಕ್ಕೆ ಸಾಮಾನ್ಯವಾಗಿ ಅದನ್ನು ಕೇಳುವುದಿಲ್ಲ. ಭಾರತವು ಒಪ್ಪಂದವನ್ನು ಸೇರಿದಾಗ ಜರ್ಮನಿಯು ಆಕ್ಷೇಪವೆತ್ತಿದ್ದರಿಂದ, ಆ ಎರಡು ದೇಶಗಳ ನಡುವೆ ಅಪೋಸ್ಟೀಲ್ ನಡೆಯುವುದೇ ಇಲ್ಲ. ಜರ್ಮನಿಗೆ ಹೋಗುವವರು ಪಡೆಯಬೇಕಾದದ್ದು ದೆಹಲಿಯ ಎಪಿಎಸ್ ಎಂಬ ಶೈಕ್ಷಣಿಕ ಪರಿಶೀಲನಾ ಕೇಂದ್ರದ ಪ್ರಮಾಣಪತ್ರ. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ. ಯಾವ ದೇಶಕ್ಕೆ ಯಾವ ಮುದ್ರೆ ಎಂದು ತಿಳಿಯದೆ ಎಲ್ಲ ಕಾಗದಗಳಿಗೂ ಎಲ್ಲ ಮುದ್ರೆಗಳನ್ನೂ ಒತ್ತಿಸಿ ಹಣ ಕಳೆದುಕೊಂಡವರು ಕಡಿಮೆಯಿಲ್ಲ.

ಇನ್ನು ಕನ್ನಡ ಮಾಧ್ಯಮದ ಅಂಜಿಕೆ. ಸ್ನಾತಕೋತ್ತರ ಪ್ರವೇಶ ಕೊಡುವ ವಿಶ್ವವಿದ್ಯಾಲಯ ನೋಡುವುದು ಪದವಿಯ ವಿಷಯ, ಅಂಕ, ಅಧ್ಯಾಪಕರ ಶಿಫಾರಸು ಪತ್ರ, ಉದ್ದೇಶಪತ್ರ ಮತ್ತು ಈಗಿನ ಇಂಗ್ಲಿಷು. ಹತ್ತನೆಯ ತರಗತಿಯನ್ನು ಯಾವ ಭಾಷೆಯಲ್ಲಿ ಓದಿದರೆಂಬುದು ಅಲ್ಲಿ ತೂಗುವ ಸಂಗತಿಯಲ್ಲ. ಪದವಿಯನ್ನು ಇಂಗ್ಲಿಷಿನಲ್ಲಿ ಓದಿದ್ದರೆ ಕಾಲೇಜು ಕೊಡುವ ಬೋಧನಾ ಮಾಧ್ಯಮದ ಪತ್ರವನ್ನೇ ಕೆಲವು ವಿಶ್ವವಿದ್ಯಾಲಯಗಳು ಒಪ್ಪುತ್ತವೆ. ಉಳಿದವು ಐಇಎಲ್‌ಟಿಎಸ್ ಅಥವಾ ಟೋಫೆಲ್ ಕೇಳುತ್ತವೆ. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಓದುವ ಭಾಗ 60 ನಿಮಿಷ, ಬರೆಯುವುದು 60 ನಿಮಿಷ, ಕೇಳುವುದು ಸುಮಾರು 30 ನಿಮಿಷ, ಮಾತು 11ರಿಂದ 14 ನಿಮಿಷ. ವ್ಯಾಕರಣವನ್ನು ಕಟ್ಟುನಿಟ್ಟಾಗಿ ಕಲಿತ ಕನ್ನಡ ಶಾಲೆಯ ಮಕ್ಕಳು ಓದು ಬರಹಗಳಲ್ಲಿ ಹಿಂದೆ ಬೀಳುವುದು ಕಡಿಮೆ. ಎಡವುವುದು ಕೇಳುವ ಭಾಗದಲ್ಲಿ. ಧ್ವನಿಮುದ್ರಿಕೆಯನ್ನು ಒಂದೇ ಸಲ ಕೇಳಿಸುತ್ತಾರೆ. ಮಂಗಳೂರಿನ ತರಗತಿಯ ಇಂಗ್ಲಿಷಿಗೂ ಆಸ್ಟ್ರೇಲಿಯದವನ ಇಂಗ್ಲಿಷಿಗೂ ಇರುವ ಅಂತರವನ್ನು ಎರಡು ವಾರದ ತರಬೇತಿ ತುಂಬಲಾರದು. ದಿನಕ್ಕೆ ಅರ್ಧ ಗಂಟೆ, ಆರು ತಿಂಗಳು, ಬೇರೆ ಬೇರೆ ದೇಶದವರ ಮಾತನ್ನು ಬರೆದುಕೊಳ್ಳುತ್ತ ಕೇಳಿದವರಿಗೆ ಅದು ದಕ್ಕುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಆಡಿ ಬೆಳೆದವರ ಕಿವಿ ಈ ಕೆಲಸಕ್ಕೆ ಹೊಸದೇನಲ್ಲ. ಅಂಕಗಳ ಆಯುಸ್ಸು ಎರಡು ವರ್ಷ. ಆದ್ದರಿಂದ ತೀರ ಬೇಗ ಬರೆದೂ ಪ್ರಯೋಜನವಿಲ್ಲ.

ಉದ್ದೇಶಪತ್ರದ ವಿಷಯದಲ್ಲಿ ಕನ್ನಡವು ಅಡ್ಡಿಯಾಗುವುದಿರಲಿ, ಸಹಾಯಕ್ಕೇ ಬರುತ್ತದೆ. ಏನನ್ನು ಓದಲು, ಅಲ್ಲಿಯೇ ಏಕೆ, ಮುಂದೇನು ಎಂಬ ಮೂರಕ್ಕೆ ಮೊದಲು ಕನ್ನಡದಲ್ಲಿ ನೇರ ಉತ್ತರ ಬರೆದುಕೊಂಡು, ಬಳಿಕ ಇಂಗ್ಲಿಷಿನಲ್ಲಿ ಹೊಸದಾಗಿ ಬರೆದ ಪತ್ರದಲ್ಲಿ ಒಬ್ಬ ಮನುಷ್ಯನ ದನಿಯಿರುತ್ತದೆ. ದಲ್ಲಾಳಿಯ ಅಚ್ಚಿನಲ್ಲಿ ಎರಕಗೊಂಡ ಪತ್ರದಲ್ಲಿ ಅಡಿಕೆ ತೋಟದ ಮನೆಯ ಹುಡುಗನೂ ನಗರದ ವೈದ್ಯರ ಮಗಳೂ ಒಂದೇ ರೀತಿ ‘ಬಾಲ್ಯದಿಂದಲೂ ಯಂತ್ರಗಳತ್ತ ಆಕರ್ಷಿತರು’.

ಹಣದ ಲೆಕ್ಕ ದೇಶಕ್ಕೊಂದು ಬಗೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಲಿಕಾ ಶುಲ್ಕವಿಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಹೊರದೇಶದವರಿಗೆ ಅರ್ಧ ವರ್ಷಕ್ಕೆ 1,500 ಯೂರೋ ಉಂಟು. ಆದರೆ ಒಂದು ವರ್ಷದ ಜೀವನವೆಚ್ಚವೆಂದು 11,904 ಯೂರೋಗಳನ್ನು ಮುಂಚಿತವಾಗಿ ತಡೆಖಾತೆಯಲ್ಲಿ ಇಡಬೇಕು. ಅಲ್ಲಿ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಯೂರೋಗೆ ನೂರು ರೂಪಾಯಿಯಂತೆ ಹಿಡಿದರೂ ಸುಮಾರು 12 ಲಕ್ಷವಾಯಿತು. ‘ಜರ್ಮನಿಯಲ್ಲಿ ಓದು ಉಚಿತ’ ಎಂಬ ಮಾತನ್ನು ಈ ಅಂಕಿಯ ಪಕ್ಕದಲ್ಲಿಟ್ಟೇ ಕೇಳಬೇಕು. ಬ್ರಿಟನ್ನಿನ ಸ್ನಾತಕೋತ್ತರ ಪದವಿ ಬಹುಮಟ್ಟಿಗೆ ಒಂದೇ ವರ್ಷದ್ದು, ಆದರೆ ಶುಲ್ಕ ಭಾರ. ತೋರಿಸಬೇಕಾದ ಹಣ ಖಾತೆಯಲ್ಲಿ 28 ದಿನ ಎಡೆಬಿಡದೆ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ವರ್ಷಕ್ಕೆ 776 ಪೌಂಡು ಆರೋಗ್ಯ ಶುಲ್ಕ, ಭಾರತದಿಂದ ಹೋಗುವವರಿಗೆ ಕ್ಷಯರೋಗ ತಪಾಸಣೆಯ ಪತ್ರ ಬೇರೆ. 2024ರ ಜನವರಿಯಿಂದ ಬೋಧನಾಧಾರಿತ ಸ್ನಾತಕೋತ್ತರ ವಿದ್ಯಾರ್ಥಿಗಳು ಪತಿ, ಪತ್ನಿ, ಮಕ್ಕಳನ್ನು ಜೊತೆಗೆ ಕರೆದೊಯ್ಯುವಂತಿಲ್ಲ.

ಅಮೆರಿಕದ ಕ್ರಮ ಇನ್ನೊಂದು ತೆರ. ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ, 350 ಡಾಲರಿನ ಸೆವಿಸ್ ಶುಲ್ಕ, ಆಮೇಲೆ ಸಂದರ್ಶನ. ಅಲ್ಲಿನ ವಲಸೆ ಕಾನೂನಿನ 214(ಬಿ) ಕಲಮು ಪ್ರತಿ ಅರ್ಜಿದಾರನನ್ನೂ ನೆಲೆಸಲು ಬರುವವನೆಂದೇ ಭಾವಿಸಿ ಹೊರಡುತ್ತದೆ. ಅಲ್ಲವೆಂದು ಮನಗಾಣಿಸುವ ಹೊಣೆ ಅರ್ಜಿದಾರನದು. ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರ್ದೋಷಿ ಎಂಬ ನ್ಯಾಯಾಲಯದ ತತ್ತ್ವ ಅಲ್ಲಿನ ಕಿಟಕಿಯಲ್ಲಿ ನಡೆಯದು. ಎರಡು ಮೂರು ನಿಮಿಷದಲ್ಲಿ ಮುಗಿಯಬಹುದಾದ ಆ ಮಾತುಕತೆಗೆ ಕಂಠಪಾಠ ಮಾಡಿದ ಉತ್ತರಕ್ಕಿಂತ ತಾನು ಓದಲಿರುವ ವಿಷಯ ತನಗೇ ತಿಳಿದಿರುವುದು ಹೆಚ್ಚು ಉಪಯೋಗ. ವೀಸಾ ಸಿಕ್ಕಿದ ಮೇಲೂ ತರಗತಿ ಆರಂಭಕ್ಕೆ 30 ದಿನಗಳಿಗಿಂತ ಮುಂಚೆ ಆ ದೇಶವನ್ನು ಪ್ರವೇಶಿಸುವಂತಿಲ್ಲ.

ಮಧ್ಯಮ ವರ್ಗದ ಮನೆಗೆ ಇಷ್ಟೆಲ್ಲಕ್ಕೂ ಉಳಿಯುವ ಆಧಾರ ಬ್ಯಾಂಕಿನ ಸಾಲ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ 7.5 ಲಕ್ಷದ ಮೇಲಿನ ಸಾಲಕ್ಕೆ ಆಸ್ತಿಯ ಭದ್ರತೆ ಬೇಕು. ವಿದೇಶ ವ್ಯಾಸಂಗಕ್ಕೆ ನೂರಕ್ಕೆ 15 ಭಾಗವನ್ನು ಮನೆಯವರು ಭರಿಸಬೇಕು. ಪಿಎಂ ವಿದ್ಯಾಲಕ್ಷ್ಮಿ ಎಂಬ 2024ರ ಯೋಜನೆ ದೇಶದೊಳಗಿನ ಆಯ್ದ ಸಂಸ್ಥೆಗಳಿಗಷ್ಟೇ; ಹೊರದೇಶಕ್ಕೆ ಅದನ್ನು ನೆಚ್ಚಬಾರದು. ಆಸ್ತಿಯ ಭದ್ರತೆ ಎಂದೊಡನೆ ಕಾಸರಗೋಡಿನಲ್ಲಿ ಹಳೆಯ ಕಡತಗಳು ಬಿಚ್ಚುತ್ತವೆ. 1956ರ ನವೆಂಬರ್ 1ರ ಮೊದಲಿನ ಆಧಾರಪತ್ರಗಳು ಕನ್ನಡದಲ್ಲಿ, ಅನಂತರದವು ಬಹುಪಾಲು ಮಲಯಾಳದಲ್ಲಿ. ಬ್ಯಾಂಕಿನ ವಕೀಲರು ದಕ್ಷಿಣ ಕೇರಳದವರಾದರೆ ಹಳೆಯ ಕನ್ನಡ ಪತ್ರಕ್ಕೆ ಭಾಷಾಂತರ ಕೇಳುತ್ತಾರೆ. ಅಜ್ಜನ ಹೆಸರಿನಲ್ಲಿಯೇ ಉಳಿದು ಪಾಲಾಗದ ಜಾಗವಾದರೆ ದೊಡ್ಡಪ್ಪ, ಚಿಕ್ಕಪ್ಪ, ಅತ್ತೆಯಂದಿರೆಲ್ಲರ ಸಹಿ ಬೇಕು. ಅವರಲ್ಲೊಬ್ಬರು ಮುಂಬಯಿಯಲ್ಲಿಯೂ ಇನ್ನೊಬ್ಬರು ಮುನಿಸಿನಲ್ಲಿಯೂ ಇರುವುದು ಅಪೂರ್ವವಲ್ಲ. ಪ್ರವೇಶಪತ್ರ ಕೈಗೆ ಬಂದ ಮೇಲೆ ಈ ಕೆಲಸಕ್ಕೆ ಕೈಹಾಕಿದವರಿಗೆ ಸಮಯ ಸಾಲುವುದಿಲ್ಲ.

ಸಹಿ ಹಾಕುವ ಮುನ್ನ ತಂದೆತಾಯಿ ತಿಳಿಯಬೇಕಾದದ್ದು ಇನ್ನೂ ಒಂದಿದೆ. ಸಾಲಪತ್ರದಲ್ಲಿ ಅವರು ಸಾಕ್ಷಿಗಳಲ್ಲ, ಸಹಸಾಲಗಾರರು. ಮಗ ತೀರಿಸದಿದ್ದರೆ ಬ್ಯಾಂಕು ಮೊದಲು ಅವನನ್ನೇ ಹುಡುಕಬೇಕೆಂಬ ನಿಯಮವಿಲ್ಲ. ಸರ್ಫೇಸಿ ಎಂದು ಹೆಸರಾದ 2002ರ ಕಾಯ್ದೆಯಂತೆ, 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ, ಅಡವಿಟ್ಟ ಮನೆಯನ್ನು ವಶಪಡಿಸಿಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಅದನ್ನು ಪ್ರಶ್ನಿಸಲು 45 ದಿನ ಅವಕಾಶ. ಕಾಸರಗೋಡಿನವರು ಅದಕ್ಕಾಗಿ ಎರ್ನಾಕುಳಂನಲ್ಲಿರುವ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬೇಕು. ಅದೇ ಕಾಯ್ದೆಯ 31ನೆಯ ಕಲಮು ಕೃಷಿಭೂಮಿಗೆ ವಿನಾಯಿತಿ ಕೊಟ್ಟಿದೆ. ಬ್ಯಾಂಕುಗಳು ತೋಟಕ್ಕಿಂತ ಮನೆಯನ್ನೇ ಬಯಸುವುದರ ಹಿಂದೆ ಈ ಕಾರಣವೂ ಇದೆ. ಇರುವ ಒಂದೇ ಸೂರನ್ನು ಅಡವಿಡುವ ಮನೆಯವರು, ಓದು ಮುಗಿದು ಒಂದು ವರ್ಷವಾದರೂ ಕೆಲಸ ಸಿಗದಿದ್ದರೆ ಕಂತು ಎಲ್ಲಿಂದ ಬರಬೇಕೆಂಬುದನ್ನು ಮಗನೊಡನೆ ಕೂತು ಕಾಗದದ ಮೇಲೆ ಬರೆಯಬೇಕು. ಆ ಲೆಕ್ಕ ಕೂಡಿಬರದಿದ್ದರೆ ಒಂದು ವರ್ಷ ಇಲ್ಲಿಯೇ ದುಡಿದು, ಮುಂದಿನ ವರ್ಷ ಶುಲ್ಕ ಕಡಿಮೆಯಿರುವ ಕಡೆ ಅರ್ಜಿ ಹಾಕುವುದು ಸೋಲಲ್ಲ.

ಹಣದ ತೊಡಕಿನಿಂದ ಓದು ನಿಲ್ಲುವುದು ದೊಡ್ಡವರಿಗೂ ತಪ್ಪಿದ್ದಲ್ಲ. ಅಂಬೇಡ್ಕರರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ, ಪ್ರತಿಯಾಗಿ ಸಂಸ್ಥಾನದಲ್ಲಿ ಹತ್ತು ವರ್ಷ ಸೇವೆಯ ಕರಾರು. ಅವಧಿ ತೀರಿದಾಗ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಮರಳಿದರು. ದುಡಿದು ಉಳಿಸಿ, ಸಾಲ ಮಾಡಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವೂ ಸೇರಿ ಅವರು ಮತ್ತೆ ಲಂಡನ್ನಿಗೆ ಹೋದದ್ದು 1920ರಲ್ಲಿ.

ಇಂದು ಅಂಥ ನೆರವಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿಕೂಲಿಗಳು, ಪಾರಂಪರಿಕ ಕುಶಲಕರ್ಮಿಗಳ ಮಕ್ಕಳಿಗೆ ಇದು ಮೀಸಲು. ಕುಟುಂಬದ ವರಮಾನ 8 ಲಕ್ಷ ಮೀರಿರಬಾರದು, ಅರ್ಹತಾ ಪದವಿಯಲ್ಲಿ 60 ಅಂಕ ಬೇಕು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದಲ್ಲಿ ಬೇರೆ ಯೋಜನೆಯಿದೆ. ಮಹಾರಾಷ್ಟ್ರದ ಪರಿಶಿಷ್ಟ ಜಾತಿಯವರಿಗೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ವಿದ್ಯಾರ್ಥಿವೇತನವುಂಟು. ಎಲ್ಲರಿಗೂ ತೆರೆದಿರುವುದು 1892ರಲ್ಲಿ ಸ್ಥಾಪನೆಯಾದ ಜೆ. ಎನ್. ಟಾಟಾ ದತ್ತಿ, ಅಲ್ಲಿ ಸಿಗುವುದು ದಾನವಲ್ಲ, ಸಾಲರೂಪದ ವೇತನ. ಜಾತಿಯ ಪಟ್ಟಿ ರಾಜ್ಯಕ್ಕೊಂದು. ಸಂವಿಧಾನದ 341 ಮತ್ತು 342ನೆಯ ವಿಧಿಗಳಂತೆ ತನ್ನ ರಾಜ್ಯದ ಪಟ್ಟಿಯೇ ಲೆಕ್ಕಕ್ಕೆ ಬರುತ್ತದೆ. ಗಡಿಯಾಚೆಯ ನೆಂಟರಿಗೆ ಸಿಕ್ಕ ಸವಲತ್ತು ಈಚೆಯವರಿಗೂ ಸಿಕ್ಕೀತೆಂದು ಭಾವಿಸುವಂತಿಲ್ಲ. ಅದೇ ರೀತಿ ಕೇಂದ್ರದ ಯೋಜನೆಗಳಲ್ಲಿ ‘ಅಲ್ಪಸಂಖ್ಯಾತ’ ಎಂಬ ಪದವನ್ನು ಕಂಡು ಕನ್ನಡ ಮನೆಗಳು ಆಸೆಪಡುವುದುಂಟು. ಅಲ್ಲಿ ಆ ಪದದ ಅರ್ಥ 1992ರ ಕಾಯ್ದೆಯಡಿ ಘೋಷಿತವಾದ ಆರು ಧಾರ್ಮಿಕ ಸಮುದಾಯಗಳು. ಭಾಷಾ ಅಲ್ಪಸಂಖ್ಯಾತರಿಗೆ ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯ ಸೌಕರ್ಯವನ್ನು ಹೇಳುತ್ತದೆ. ವಿದೇಶಕ್ಕೆ ಟಿಕೆಟು ಕೊಡಿಸುವುದಿಲ್ಲ.

ದಲ್ಲಾಳಿಗಳ ವಿಷಯ ಬಿಟ್ಟು ಈ ಲೇಖನ ಮುಗಿಯದು. ಉದ್ಯೋಗಕ್ಕೆ ಜನರನ್ನು ವಿದೇಶಕ್ಕೆ ಕಳುಹಿಸುವವರಿಗೆ 1983ರ ವಲಸೆ ಕಾಯ್ದೆಯಂತೆ ಪರವಾನಿಗೆ ಬೇಕು. ವಿದ್ಯಾರ್ಥಿಗಳಿಗೆ ಪ್ರವೇಶ ಕೊಡಿಸುವ ಸಲಹಾ ಕಚೇರಿಗಳು ಆ ಪರವಾನಿಗೆಯ ಕಟ್ಟಿಗೆ ಒಳಪಟ್ಟಿಲ್ಲ. ಪ್ರಾಮಾಣಿಕರೂ ಇದ್ದಾರೆ. ಆದರೆ 2023ರಲ್ಲಿ ಕೆನಡಾದಲ್ಲಿ ನಡೆದದ್ದನ್ನು ಮರೆಯಬಾರದು: ದಲ್ಲಾಳಿ ಒದಗಿಸಿದ ಪ್ರವೇಶಪತ್ರಗಳು ಖೋಟಾ ಎಂದು ವರ್ಷಗಳ ಬಳಿಕ ಹೊರಬಿದ್ದು, ಓದು ಮುಗಿಸಿ ದುಡಿಯುತ್ತಿದ್ದ ಭಾರತೀಯ ವಿದ್ಯಾರ್ಥಿಗಳು ಗಡೀಪಾರಿನ ನೋಟೀಸು ಎದುರಿಸಿದರು. ಸುಳ್ಳು ದಾಖಲೆಗೆ ಕೆನಡಾದಲ್ಲಿ ಐದು ವರ್ಷ, ಬ್ರಿಟನ್ನಿನಲ್ಲಿ ಹತ್ತು ವರ್ಷ ಬಾಗಿಲು ಮುಚ್ಚಬಹುದು. ಅಮೆರಿಕದಲ್ಲಿ ಅದಕ್ಕೆ ಕಾಲಮಿತಿಯೇ ಇಲ್ಲ. ಆದ್ದರಿಂದ ಅರ್ಜಿಗೆ ಬಳಸುವ ಮಿಂಚಂಚೆ ವಿಳಾಸವೂ ಗುಪ್ತಪದವೂ ವಿದ್ಯಾರ್ಥಿಯ ಕೈಯಲ್ಲಿಯೇ ಇರಬೇಕು. ಪ್ರವೇಶಪತ್ರ ನಿಜವೇ ಎಂದು ವಿಶ್ವವಿದ್ಯಾಲಯಕ್ಕೆ ನೇರವಾಗಿ ಬರೆದು ಕೇಳಬೇಕು. ಕೊಟ್ಟ ಹಣಕ್ಕೆ ರಶೀದಿ ಇರಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಚ್ಚಿಯ ದಲ್ಲಾಳಿಯ ಮೇಲೆ ಕಾಸರಗೋಡಿನ ಆಯೋಗದಲ್ಲಿ ಪ್ರಕರಣ ನಡೆಯುತ್ತದೆ. ಆದರೆ ರಶೀದಿಯಿಲ್ಲದವನ ದೂರಿಗೆ ಬಲ ಕಡಿಮೆ.

ಹೊರಡುವ ದಿನ ಹತ್ತಿರವಾದಾಗ ಉಪ್ಪಿನಕಾಯಿಯ ಡಬ್ಬಿಗೆ ದೊರೆಯುವ ಗಮನ ಅಧಿಕಾರಪತ್ರಕ್ಕೆ ದೊರೆಯುವುದಿಲ್ಲ. ಪವರ್ ಆಫ್ ಅಟಾರ್ನಿ ಎಂದು ರೂಢಿಯಲ್ಲಿರುವ ಈ ಪತ್ರವನ್ನು ತಂದೆಗೋ ತಾಯಿಗೋ ಬರೆದುಕೊಟ್ಟು ಹೋದರೆ ಸಾಲದ ಮುಂದಿನ ಕಂತು, ಘಟಿಕೋತ್ಸವದ ಮೂಲಪತ್ರ, ಪಾಲುಪತ್ರದ ನೋಂದಣಿ ಇವು ನಿಲ್ಲುವುದಿಲ್ಲ. ಯಾವ ಕೆಲಸಕ್ಕೆಂದು ಸ್ಪಷ್ಟವಾಗಿ ಬರೆದ ವಿಶೇಷ ಅಧಿಕಾರಪತ್ರವೇ ಕ್ಷೇಮ; ಎಲ್ಲ ಅಧಿಕಾರವನ್ನೂ ಕೊಟ್ಟುಬಿಡುವ ಸಾಮಾನ್ಯ ಪತ್ರ ಬೇಡ. ಮರೆತು ಹೋದವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ಮಾಡಿಸಿ ಕಳುಹಿಸಬಹುದು, ಆದರೆ ಪತ್ರ ಊರಿಗೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ತೆರಬೇಕು. ಓದಲು ಹೋದವರನ್ನು ವಿದೇಶಿ ವಿನಿಮಯ ಕಾನೂನಿನ ದೃಷ್ಟಿಯಲ್ಲಿ ಅನಿವಾಸಿಗಳೆಂದು ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕು 2003ರಲ್ಲಿಯೇ ಸ್ಪಷ್ಟಪಡಿಸಿದೆ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಮಾರ್ಪಡಿಸಲು ಬ್ಯಾಂಕಿಗೆ ತಿಳಿಸಬೇಕು. ಮೂಲ ಪ್ರಮಾಣಪತ್ರಗಳು ವಿಮಾನದಲ್ಲಿ ಕೈಚೀಲದಲ್ಲಿರಲಿ, ಕೆಳಗೆ ಹಾಕುವ ಪೆಟ್ಟಿಗೆಯಲ್ಲಿ ಬೇಡ. ಎಲ್ಲದರ ಒಂದೊಂದು ಪ್ರತಿ ಮನೆಯ ಕಪಾಟಿನಲ್ಲಿರಲಿ. ತಲುಪಿದ ವಾರದಲ್ಲಿಯೇ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ವಿದ್ಯಾರ್ಥಿಯೆಂದು ಹೆಸರು ನೋಂದಾಯಿಸಬೇಕು, ಅದೂ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ.